ಮಹನೀಯರ ಗೋಡೆ ಮತ್ತು ನನ್ನ ಹೊಟ್ಟೆಕಿಚ್ಚು

ಮಹನೀಯರ ಮುಖಗಳನ್ನು ಮಾರಿ ಸಂಸಾರ ಸಾಕಿದವನು ನಾನು. ಅವರು ಬರೆದದ್ದನ್ನು ಓದಿದವನಲ್ಲ. ಎರಡೂ ಬೇರೆ ಬೇರೆ ಕಸುಬು. ದೆಹಲಿಗೆ ಬಂದ ಹೊಸತರಲ್ಲೇ ನನಗಿದು ಗೊತ್ತಾಗಿತ್ತು. ಆಗ ಮುನಿರ್ಕಾದಲ್ಲಿ ನಾಲ್ವರು ಸೇರಿ ಒಂದು ಕೋಣೆ ಹಿಡಿದಿದ್ದೆವು. ಉಳಿದ ಮೂವರಿಗೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನನಗೆ ಫುಟ್‌ಪಾತು. ವಿಶ್ವವಿದ್ಯಾಲಯದ ಗೇಟಿನ ಎದುರು ಪ್ಲಾಸ್ಟಿಕ್ ಹಾಳೆ ಹಾಸಿ ಪೋಸ್ಟರುಗಳನ್ನು ಹರಡಿಕೊಂಡು ಕೂರುತ್ತಿದ್ದೆ. ನಕ್ಷತ್ರದ ಟೋಪಿಯ ಕ್ರಾಂತಿಕಾರಿ, ಕೆದರಿದ ಕೂದಲಿನ ವಿಜ್ಞಾನಿ, ಊರುಗೋಲು ಹಿಡಿದ ಮುದುಕರು, ನೀಲಿ ಕೋಟಿನ ಕಾನೂನು ಪಂಡಿತರು, ಪೊದೆಗಡ್ಡದ ಜರ್ಮನ್ ಮಹಾಶಯ. ಓದುವ ಹುಡುಗರು ಬಂದು ಇವರ ಸಿದ್ಧಾಂತಗಳನ್ನು ನನ್ನೊಡನೆ ಚರ್ಚಿಸಲು ನೋಡುತ್ತಿದ್ದರು. ನಾನು ಮಾತ್ರ "ಭಯ್ಯಾ, ನಿಮ್ಮ ಕೋಣೆಯ ಗೋಡೆ ಯಾವ ಬಣ್ಣ?" ಎಂದು ಒಂದೇ ಪ್ರಶ್ನೆ ಕೇಳುತ್ತಿದ್ದೆ. ಬಣ್ಣ ಹೇಳಿದವನು ಕೊಳ್ಳದೆ ಹೋದದ್ದು ಕಡಿಮೆ. ವ್ಯಾಪಾರಕ್ಕೆ ಇಳಿಯುವ ಯಾರಿಗೇ ಆದರೂ ನಾನು ಹೇಳುವುದು ಇದನ್ನೇ: ಸರಕಿನ ಗುಣಗಾನ ಮಾಡಬೇಡಿ, ಅದು ಹೋಗಿ ಕೂರುವ ಜಾಗದ ಬಗ್ಗೆ ಗಿರಾಕಿಯನ್ನೇ ಮಾತಾಡಿಸಿ.

ಆ ಫುಟ್‌ಪಾತಿನಿಂದ ಎದ್ದು, ಸಾವಿರದ ಒಂಬೈನೂರ ತೊಂಬತ್ತೈದರ ಹೊತ್ತಿಗೆ ಫರೀದಾಬಾದಿನಲ್ಲಿ ಒಂದು ಶೆಡ್ಡು ಮಾಡಿಕೊಂಡಿದ್ದೆ. ಶಾಲೆ, ಕಚೇರಿ, ಸಭಾಂಗಣಗಳಿಗೆ ಮಹನೀಯರ ಚಿತ್ರಗಳನ್ನು ಚೌಕಟ್ಟು ಹಾಕಿ ಒದಗಿಸುವುದು ನಮ್ಮ ಕೆಲಸ. ಯಾವ ನಾಯಕನ ಜಯಂತಿ ಯಾವ ತಿಂಗಳು, ಯಾವ ಪಕ್ಷ ಗೆದ್ದರೆ ಯಾರ ಫೋಟೋ ಇಳಿದು ಯಾರದು ಏರುತ್ತದೆ, ಎಲ್ಲವೂ ನನ್ನ ಬೆರಳ ತುದಿಯಲ್ಲಿತ್ತು.

ಹೊರಗಿನವರಿಗೆ ಅಷ್ಟಾಗಿ ತಿಳಿಯದ ಒಂದು ಸಂಗತಿ ಹೇಳುತ್ತೇನೆ. ಹಳೆಯ ಕಾಲದ ಮಹನೀಯರಲ್ಲಿ ಬಹಳ ಮಂದಿಗೆ ಮುಖವೇ ಇಲ್ಲ. ಅವರು ಬದುಕಿದ್ದಾಗ ಯಾರೂ ಅವರ ಚಿತ್ರ ಬರೆದಿಟ್ಟಿಲ್ಲ. ನಾವು ಗೋಡೆಯ ಮೇಲೆ ನೋಡಿ ಕೈ ಮುಗಿಯುವುದು ಯಾವನೋ ಚಿತ್ರಗಾರ ಊಹಿಸಿದ ಮುಖಕ್ಕೆ. ಊಹೆ ಕೈಕೊಟ್ಟಾಗ ಅವನು ಎದುರಿಗೆ ಸಿಕ್ಕವರನ್ನು ಕೂರಿಸಿಕೊಳ್ಳುತ್ತಾನೆ. ನಮ್ಮ ಶೆಡ್ಡಿನ ಚಿತ್ರಗಾರನಿಗೆ ಹಾಗೆ ಸಿಕ್ಕವರು ನಮ್ಮ ಬಡಗಿ. ಬಿಹಾರದ ಕಡೆಯವರು, ಚೌಕಟ್ಟಿನ ಮೂಲೆಗಳನ್ನು ಬೆಳಕು ನುಸುಳದಂತೆ ಕೂಡಿಸುತ್ತಿದ್ದ ಕೈ. ಬೋಳು ಹಣೆ, ಮೊಂಡು ಮೂಗು, ಎದೆಯ ತನಕ ಬಿಳಿ ಗಡ್ಡ. ಯಾವಾಗಲೋ ಉಳಿ ತಾಗಿ ಎಡಗಿವಿಯ ಹಾಲೆ ಸೀಳಿಹೋಗಿತ್ತು.

ಒಂದು ಶಾಲೆಯವರು ವಿಷ ಕುಡಿದು ಸತ್ತ ಗ್ರೀಕ್ ಜ್ಞಾನಿಯ ಚಿತ್ರ ಬೇಕೆಂದಾಗ ನಮ್ಮ ಚಿತ್ರಗಾರ ಬಡಗಿಯ ಭುಜದ ಮೇಲೆ ಮಂಚದ ಹಾಸು ಹೊದಿಸಿ, ಸ್ಟೂಲಿನ ಮೇಲೆ ಕೂರಿಸಿ ಬರೆದೇಬಿಟ್ಟ. ಸೀಳು ಕಿವಿಯನ್ನೂ ಬಿಡಲಿಲ್ಲ. ಚಿತ್ರ ನೋಡಿ ಶಾಲೆಯವರು ಖುಷಿಪಟ್ಟರು. ಇನ್ನೂ ಎರಡು ಕಡೆಯಿಂದ ಕೇಳಿಕೆ ಬಂತು. ಬಡಗಿಯಂತೂ ಹೇಳಿಕೊಂಡು ನಗುತ್ತಿದ್ದರು: "ಸಾಬ್, ಮನೆಯಲ್ಲಿ ಸೊಸೆ ನನಗೆ ಒಂದು ಲೋಟ ನೀರು ಕೊಡಲ್ಲ. ಅಲ್ಲಿ ಪ್ರಿನ್ಸಿಪಾಲರು ಬಂದು ಮಾಲೆ ಹಾಕ್ತಾರಂತೆ!"

ಮುಂದೆ ಆ ಜ್ಞಾನಿಯ ಅಮೃತಶಿಲೆಯ ತಲೆಯೊಂದಿದೆ, ಅದರ ಫೋಟೋವನ್ನೇ ಅಚ್ಚು ಹಾಕಿಸಬಹುದು ಎಂದು ಗೊತ್ತಾಯಿತು. ಕಂಪ್ಯೂಟರಿನ ಅಚ್ಚು ಬಂದ ಮೇಲೆ ಚಿತ್ರಗಾರ ಬೇರೆ ಕೆಲಸ ಹಿಡಿದ. ಬಡಗಿಯ ಕಣ್ಣು ಮಂಜಾಗಿ ಅವರೂ ಊರಿಗೆ ಹೊರಟುಹೋದರು. ಉಳಿದದ್ದು ಶೆಡ್ಡಿನ ಅಟ್ಟದಲ್ಲಿ ಗ್ರೀಕ್ ಜ್ಞಾನಿಯಾಗಿ ಕೂತ ಅವರದೊಂದು ಚಿತ್ರ.

ಇನ್ನು ಹೊಟ್ಟೆಕಿಚ್ಚಿನ ಮಾತು. ದ್ವಾರಕಾದ ನಮ್ಮ ಸೊಸೈಟಿಯಲ್ಲಿ ನಮ್ಮದು ಒಂದನೆಯ ಮಹಡಿ. ಮೂರನೆಯದರಲ್ಲಿ ಒಬ್ಬ ನಿವೃತ್ತ ಅಧಿಕಾರಿ ಇದ್ದರು. ಯಾವುದೋ ಸಚಿವಾಲಯದಲ್ಲಿ ಜೀವಮಾನವಿಡೀ ಕಡತ ತಿರುಗಿಸಿ ಬಂದವರು, ಮೈಸೂರಿನ ಕಡೆಯವರು. ಮನೆಯಲ್ಲಿ ಕೂರಲು ಜಾಗ ಸಿಗದಷ್ಟು ಪುಸ್ತಕ. ಗೇಟಿನ ಹತ್ತಿರ ತರಕಾರಿ ಗಾಡಿ ಬಂದರೆ ಭಯ್ಯಾ ಹೇಳಿದ ರೇಟಿಗೇ ತಲೆಯಾಡಿಸುವವರು. ದೆಹಲಿಯಲ್ಲಿ ತರಕಾರಿ ಕೊಂಡ ಮೇಲೆ ಒಂದು ಹಿಡಿ ಕೊತ್ತಂಬರಿ ಸೊಪ್ಪು ಪುಕ್ಕಟೆ ಹಾಕಿಸಿಕೊಳ್ಳುವುದು ಚಿಕ್ಕ ಮಗುವಿಗೂ ಗೊತ್ತು. ಮೂವತ್ತೈದು ವರ್ಷ ಈ ಊರಲ್ಲಿದ್ದೂ ಆ ಮನುಷ್ಯ ಅದನ್ನು ಕಲಿತಿರಲಿಲ್ಲ. ಇಂಥವರ ಮೇಲೆ ನನಗೆ ಹೊಟ್ಟೆಕಿಚ್ಚು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಮೆಟ್ರೋ ದ್ವಾರಕಾಕ್ಕೆ ಬಂದ ಹೊಸತು. ಅಕ್ಕಪಕ್ಕದ ಸೊಸೈಟಿಗಳ ಕನ್ನಡದ ಮಕ್ಕಳನ್ನೆಲ್ಲ ಸೇರಿಸಿ ಅವರು ನಮ್ಮ ಸೊಸೈಟಿಯ ಹಾಲಿನಲ್ಲಿ ಭಾನುವಾರ ಬೆಳಗ್ಗೆ ಒಂದು ತರಗತಿ ಶುರುಮಾಡಿದರು. ವಾರಕ್ಕೊಬ್ಬ ಮಹನೀಯರ ಕಥೆ, ಕನ್ನಡದಲ್ಲಿ. ನನ್ನ ಮಗಳಿಗೆ ಆಗ ಹದಿಮೂರು. ಹೆಂಡತಿ ಬಲವಂತ ಮಾಡಿ ಕಳಿಸಿದಳು. ಮೊದಲ ವಾರ ಮುಖ ಊದಿಸಿಕೊಂಡು ಹೋದವಳು ಮೂರನೆಯ ವಾರಕ್ಕೆ ಅಲಾರಂ ಇಟ್ಟುಕೊಂಡು ಏಳತೊಡಗಿದಳು.

ಒಂದು ಭಾನುವಾರ ಊಟಕ್ಕೆ ಕೂತಾಗ ಹೇಳಿದಳು: "ಪಪ್ಪಾ, ಆಪ್ಕೋ ಪತಾ ಹೈ? ಗ್ರೀಸ್‌ನಲ್ಲಿ ಒಬ್ಬರಿದ್ರು. ಒಂದು ಪುಸ್ತಕಾನೂ ಬರೀಲಿಲ್ಲ. ಬಸ್, ಸವಾಲ್ ಕೇಳ್ತಾ ಇದ್ರು. ಅದಕ್ಕೇ ವಿಷ ಕೊಟ್ರು."

"ಯಾರು ಹೇಳಿದ್ದು?"

"ಅಂಕಲ್."

"ಅವರು ಹೇಳಬೇಕಾ? ನನಗೆ ಗೊತ್ತಿಲ್ವಾ? ಎಷ್ಟು ಸ್ಕೂಲಿಗೆ ಅವರನ್ನ ಮಾರಿದೀನಿ!"

"ಮಾರೋದು ಅಲಗ್ ಬಾತ್ ಹೈ ನಾ, ಪಪ್ಪಾ."

ಚುಚ್ಚಲು ಹೇಳಿದ್ದಲ್ಲ ಅದು. ಎರಡನ್ನೂ ತೂಗಿ ನೋಡಿ, ಇದು ಬೇರೆ ಅದು ಬೇರೆ ಎಂದು ತಣ್ಣಗೆ ಹೇಳಿದ ಮಾತು. ಚುಚ್ಚಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆಮೇಲೆ ಪ್ರತಿ ಊಟಕ್ಕೂ ನಂಚಿಕೊಳ್ಳಲು ಅದೇ ಆಯಿತು. ಅಂಕಲ್ ಹೇಳಿದ್ರು, ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಟೀಚರ್ ಮೇಲೆ ಜನ ಸಗಣಿ ಎರಚಿದ್ರಂತೆ, ಅವರು ಬ್ಯಾಗಿನಲ್ಲಿ ಇನ್ನೊಂದು ಸೀರೆ ಇಟ್ಕೊಂಡು ಹೋಗ್ತಿದ್ರಂತೆ. ಅಂಕಲ್ ಹೇಳಿದ್ರು, ಕದಳಿವನಕ್ಕೆ ನಡೆದುಹೋದ ಶರಣೆ ರಾಜನನ್ನೇ ಬೇಡ ಅಂದ್ಲಂತೆ. ಅಂಕಲ್ ಓದುವಾಗ ಪುಸ್ತಕದ ನಡುವೆ ಬೆರಳಿಟ್ಟುಕೊಳ್ಳುತ್ತಿದ್ದರು. ಇವಳೂ ಹಾಗೇ ಇಟ್ಟುಕೊಳ್ಳತೊಡಗಿದಳು. ನಾನು ಏನಾದರೂ ಕೇಳಿದರೆ "ಪ್ರಶ್ನೆ ಸರಿಯಾಗಿಲ್ಲ ಪಪ್ಪಾ" ಎನ್ನತೊಡಗಿದಳು.

ಇವೆಲ್ಲ ಸಹಿಸಬಹುದಿತ್ತು. ಸಹಿಸಲಾಗದೇ ಹೋದದ್ದು ಅವಳ ಕನ್ನಡ. ಹದಿಮೂರು ವರ್ಷ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಹಿಂದಿಯಲ್ಲೇ ಉತ್ತರ ಕೊಟ್ಟವಳು. ಚಾಕೊಲೇಟಿನ ಆಸೆ ತೋರಿಸಿದೆ, ಗದರಿದೆ, ಊರಿಗೆ ಕರೆದುಕೊಂಡು ಹೋಗಿ ಅಜ್ಜಿಯ ಹತ್ತಿರ ಒಂದು ತಿಂಗಳು ಬಿಟ್ಟುಬಂದೆ, ಆಗಲಿಲ್ಲ. ಈಗ ಆ ಮನುಷ್ಯನ ಹತ್ತಿರ ಮಾತಾಡಬೇಕೆಂದು ತಾನಾಗಿ ಕಲಿಯುತ್ತಿದ್ದಳು. ಒಂದು ದಿನ ಮೆಟ್ಟಿಲ ಮೇಲೆ ಅವರಿಗೆ "ಹಾಗಾದರೆ ನಾನು ಬರುತ್ತೇನೆ ಅಂಕಲ್" ಎಂದದ್ದು ಕೇಳಿಸಿತು. ಹಾಗಾದರೆ! ನಮ್ಮ ಮನೆಯಲ್ಲಿ ಯಾರೂ ಆಡದ ಮಾತು. ನಾನು ಕೀಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಅವಳು ನನ್ನನ್ನು ದಾಟಿ ಒಳಗೆ ಹೋಗುತ್ತ, "ಖಾನಾ ಕ್ಯಾ ಹೈ?" ಎಂದು ಹಿಂದಿಯಲ್ಲೇ ಊಟದ ವಿಚಾರ ಕೇಳಿದಳು.

ನನ್ನ ಸಿಡುಕು ಹೆಂಡತಿಯ ಕಣ್ಣಿಗೆ ಬೀಳದೆ ಇರಲಿಲ್ಲ. "ಹೊಟ್ಟೆಕಿಚ್ಚಿನವರು ಸೊರಗಿಹೋಗ್ತಾರೆ ಅಂತಾರೆ. ನೀವು ನೋಡಿದ್ರೆ ಐದು ಚಪಾತಿ ತಿಂತೀರಿ," ಎಂದಳು.

"ನನಗ್ಯಾತರ ಹೊಟ್ಟೆಕಿಚ್ಚು?"

"ಹೌದೌದು. ಅದಕ್ಕೇ ಲಿಫ್ಟಿನಲ್ಲಿ ಅವರಿದ್ರೆ ಮೆಟ್ಟಿಲು ಹತ್ತಿಕೊಂಡು ಬರ್ತೀರಿ."

ತರಗತಿಗೆ ಒಂದು ವರ್ಷ ತುಂಬುವಾಗ ಹಾಲಿನ ಒಂದು ಗೋಡೆಯ ಮೇಲೆ ಹನ್ನೆರಡು ಮಹನೀಯರ ಚಿತ್ರ ಹಾಕಲು ಸೊಸೈಟಿಯ ಕಮಿಟಿ ಒಪ್ಪಿತು. ಯಾರ ಯಾರ ಚಿತ್ರ ಎಂದು ತೀರ್ಮಾನಿಸಲು ದೊಡ್ಡವರೆಲ್ಲ ಸೇರಿದೆವು. ಹನ್ನೆರಡು ಜಾಗಕ್ಕೆ ನಲವತ್ತು ಹೆಸರು ಬಂದವು. ಬಿಜಾಪುರದ ಕಡೆಯ ಗುಮಾಸ್ತರೊಬ್ಬರು "ನಮ್ಮ ಕಡೆಯವರು ಒಬ್ರರ ಬೇಕ್ರೀ" ಎಂದು ಪಟ್ಟು ಹಿಡಿದರು. ಗುರ್‌ಗಾಂವಿನ ಕಂಪನಿಯಲ್ಲಿದ್ದ ಮಂಗಳೂರಿನ ಹುಡುಗಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, "ಇದು ಮಹನೀಯರ ಪಟ್ಟಿಯಾ, ಗಡ್ಡ ಮೀಸೆಯವರ ಸಂಘವಾ? ಹೆಂಗಸರು ಎಲ್ಲಿ ಮಾರಾಯ್ರೇ?" ಎಂದಳು. ಆಗ ನಾಲ್ವರು ಹೆಂಗಸರು ಸೇರಿದರು. ಮೊದಲ ಜಾಗ ಮಾತ್ರ ಚರ್ಚೆಯಿಲ್ಲದೆ ಗ್ರೀಕ್ ಜ್ಞಾನಿಗೆ ಹೋಯಿತು, ಮೂರನೆಯ ಮಹಡಿಯ ಅಧಿಕಾರಿಗಳಿಗೆ ಇಷ್ಟದವರೆಂದು.

ಚಿತ್ರ, ಚೌಕಟ್ಟು ನನ್ನ ಕೊಡುಗೆ ಎಂದು ನಾನೇ ಮೇಲೆ ಬಿದ್ದು ಹೇಳಿದೆ. ಅಧಿಕಾರಿಗಳು ಕೈ ಹಿಡಿದುಕೊಂಡರು. "ಸಾಹುಕಾರ್ರೇ, ದೊಡ್ಡ ಉಪಕಾರ ಆಯ್ತು. ಈ ಕೆಲಸದಲ್ಲಿ ನಿಮ್ಮನ್ನ ಬಿಟ್ಟರೆ ಯಾರಿದ್ದಾರೆ!"

ಅವರು ಮನಸಾರೆ ಹೇಳಿದ್ದೇ. ನನಗೆ ಮಾತ್ರ, ನೀನು ಚೌಕಟ್ಟಿನವನು, ಒಳಗಿರುವುದು ನಮ್ಮದು ಎಂದಂತೆ ಕೇಳಿಸಿತು. ಹೊಟ್ಟೆಕಿಚ್ಚಿರುವಾಗ ಕಿವಿಯನ್ನು ನಂಬಬೇಡಿ. ಇದು ನಾನು ಪೆಟ್ಟು ತಿಂದು ಕಲಿತ ಮಾತು.

ಆ ವಾರ ಶೆಡ್ಡಿನಲ್ಲಿ ಹನ್ನೊಂದು ಚಿತ್ರ ಸಿದ್ಧವಾದವು. ಹನ್ನೆರಡನೆಯದಕ್ಕೆ ಅಮೃತಶಿಲೆಯ ತಲೆಯ ಅಚ್ಚು ನನ್ನ ಮುಂದೆಯೇ ಇತ್ತು. ನಾನು ಏಣಿ ಹಾಕಿ ಅಟ್ಟ ಹತ್ತಿ ಬಡಗಿಯ ಚಿತ್ರ ಇಳಿಸಿದೆ. ಧೂಳು ಒರೆಸಿ, ಹೊಸ ಚೌಕಟ್ಟು ಹಾಕಿಸಿ, ಕೆಳಗೆ ಜ್ಞಾನಿಯ ಹೆಸರು ಅಂಟಿಸಿದೆ.

ಲೆಕ್ಕಾಚಾರ ಸರಳವಾಗಿತ್ತು. ಅಧಿಕಾರಿಗಳ ಮನೆಯಲ್ಲಿ ಆ ಜ್ಞಾನಿಯ ಬಗೆಗಿನ ದಪ್ಪ ಪುಸ್ತಕವಿತ್ತು. ರಟ್ಟಿನ ಮೇಲೆ ಅದೇ ಕಲ್ಲಿನ ತಲೆ. ವರ್ಷಗಟ್ಟಲೆ ನೋಡಿದ ಮುಖ. ಉದ್ಘಾಟನೆಯ ದಿನ ಅವರು ನಮ್ಮ ಬಡಗಿಯ ಕೆಳಗೆ ನಿಂತು ಭಾಷಣ ಬಿಗಿಯುತ್ತಾರೆ. ಊಟದ ಹೊತ್ತಿಗೆ ನಾನು ಎಲ್ಲರಿಗೂ ಕೇಳುವಂತೆ, "ಸರ್, ಒಂದು ಸಣ್ಣ ವಿಷಯ, ಅದು ಫರೀದಾಬಾದಿನ ನಮ್ಮ ಬಡಗಿ" ಎನ್ನುತ್ತೇನೆ. ಎಲ್ಲರೂ ನಗುತ್ತಾರೆ. ಮಗಳೂ ನಗುತ್ತಾಳೆ. ನನಗೆ ಬೇಕಾಗಿದ್ದದ್ದು ಅದೊಂದೇ ನಗು.

ಭಾನುವಾರ ಬೆಳಗ್ಗೆ ಹಾಲು ತುಂಬಿತ್ತು. ಹಿಂದಿನ ಮೇಜಿನ ಮೇಲೆ ಬಿಸಿಬೇಳೆ ಬಾತಿನ ಪಾತ್ರೆ. ಗೋಡೆಯ ಮೇಲೆ ಹನ್ನೆರಡು ಚೌಕಟ್ಟುಗಳು, ಪ್ರತಿಯೊಂದರ ಮೇಲೂ ಕಂದು ಕಾಗದದ ಮುಸುಕು. ಅದನ್ನು ಹಾಕಿಸಿದವನೂ ನಾನೇ, ಮೊದಲೇ ಯಾರೂ ನೋಡದಿರಲಿ ಎಂದು. ಅಧಿಕಾರಿಗಳು ಎದ್ದು ನಿಂತು ಕನ್ನಡಕ ಸರಿಮಾಡಿಕೊಂಡರು. ನಾನು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತೆ.

"ಇವತ್ತು ನಾನು ಮಾತಾಡೋದಿಲ್ಲ," ಎಂದರು ಅವರು. "ಹನ್ನೆರಡು ಮಕ್ಕಳು ಮಾತಾಡ್ತಾರೆ, ಒಬ್ಬೊಬ್ಬರು ಒಬ್ಬೊಬ್ಬರ ಬಗ್ಗೆ. ಅಪ್ಪ ಅಮ್ಮಂದಿರಿಗೆ ಗೊತ್ತಾಗಬಾರದು ಅಂತ ಎರಡು ತಿಂಗಳಿಂದ ಗುಟ್ಟಾಗಿ ಕಲಿತಿದ್ದಾರೆ." ಆಮೇಲೆ ನನ್ನ ಕಡೆ ನೋಡಿ ನಕ್ಕು, ನನ್ನ ಮಗಳನ್ನು ಮೊದಲು ಕರೆದರು.

ನನ್ನ ಕಾಲು ತಾನಾಗಿ ಹಿಂದೆ ಸರಿಯಿತು.

ಅವಳು ಲಂಗ ದಾವಣಿಯಲ್ಲಿದ್ದಳು. ಬಂದು ನನ್ನ ಕಡೆ ಕಣ್ಣು ಹೊಡೆದು, ಮೊದಲ ಚೌಕಟ್ಟಿನ ಕಾಗದ ಎಳೆದಳು. ಸಭಿಕರ ಕಡೆಗೇ ಮುಖ ಮಾಡಿ, "ಎಲ್ಲರಿಗೂ ನಮಸ್ಕಾರ. ನಾನು ಇವತ್ತು ಹೇಳುವುದು ಪ್ರಶ್ನೆ ಕೇಳುವುದನ್ನೇ ಕೆಲಸ ಮಾಡಿಕೊಂಡ ಒಬ್ಬರ ಬಗ್ಗೆ. ಇವರು..." ಎಂದು ಕೈ ತೋರಿಸುತ್ತ ತಿರುಗಿ ನೋಡಿದಳು.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಸಂಗತಿ ಒಂದಿತ್ತು. ಅವಳಿಗೆ ಐದಾರು ವರ್ಷವಿದ್ದಾಗ ಹೆಂಡತಿಗೆ ಆರೋಗ್ಯ ಸರಿಯಿಲ್ಲದೆ ಒಂದು ಬೇಸಗೆ ರಜೆಯಿಡೀ ಅವಳನ್ನು ಶೆಡ್ಡಿಗೆ ಕರೆದೊಯ್ದಿದ್ದೆ. ಅಲ್ಲಿ ಅವಳು ಇಡೀ ದಿನ ಇರುತ್ತಿದ್ದದ್ದು ಬಡಗಿಯ ಹತ್ತಿರ. ಅವರು ಕೀಸುಳಿಯಿಂದ ಎಬ್ಬಿಸಿದ ಮರದ ಸುರುಳಿಗಳನ್ನು ಇವಳ ತಲೆಗೆ ಮುಡಿಸುತ್ತಿದ್ದರು. ಇವಳು ಅವರನ್ನು ದಾದಾ ಎನ್ನುತ್ತ, ತೊಡೆಯ ಮೇಲೆ ಕೂತು ಸೀಳು ಕಿವಿಯೊಳಗೆ ಕಿರುಬೆರಳು ಸಿಕ್ಕಿಸಿ ಆಡುತ್ತಿದ್ದಳು. ಎಂಟೊಂಬತ್ತು ವರ್ಷದ ಹಿಂದಿನ ಮಾತು. ಮಕ್ಕಳಿಗೆ ಎಲ್ಲಿ ನೆನಪಿರುತ್ತದೆ ಎಂದುಕೊಂಡಿದ್ದೆನೋ, ಅಥವಾ ಆ ಬಗ್ಗೆ ಯೋಚಿಸಲೇ ಇಲ್ಲವೋ.

ಅವಳ ಕಣ್ಣು ಚಿತ್ರದ ಕಿವಿಯ ಹತ್ತಿರ ಹೋಗಿ ನಿಂತದ್ದನ್ನು ನಾನು ನೋಡಿದೆ. ಆಮೇಲೆ ಅವಳು ತಿರುಗಿ ನನ್ನನ್ನು ನೋಡಿದಳು.

"ಹೇಳಮ್ಮ, ಇವರು ಯಾವ ಊರಿನವರು?" ಎಂದು ಅಧಿಕಾರಿಗಳು ಮೆಲ್ಲಗೆ ಎತ್ತಿಕೊಟ್ಟರು.

ಅವಳ ಕಣ್ಣು ಮತ್ತೆ ಆ ಕಿವಿಯ ಕಡೆ ಹೋಯಿತು.

"ಗಾಬರಿ ಇಲ್ಲ. ನಿನಗೆ ಪೂರ್ತಿ ಬರುತ್ತೆ. ಇವರು...?"

"ನೆನಪಾಗ್ತಿಲ್ಲ ಅಂಕಲ್," ಎಂದಳು. "ಸಾರಿ."

ಹೋಗಿ ಮಕ್ಕಳ ಸಾಲಿನಲ್ಲಿ ಕೂತು ತಲೆ ತಗ್ಗಿಸಿದಳು. ಹಿಂದಿನಿಂದ ಯಾರೋ "ಪಾಪ, ಹೆದರಿಬಿಡ್ತು" ಎಂದರು. ಇನ್ನೊಬ್ಬರು, "ಡೆಲ್ಲಿ ಮಕ್ಕಳಿಗೆ ಕನ್ನಡ ಎಲ್ಲಿಂದ ಬರಬೇಕು ಬಿಡಿ" ಎಂದರು. ಆ ಮಾತಿಗೆ ನಾನು ಎದ್ದು ನಿಲ್ಲಬೇಕಾಗಿತ್ತು. ಅವಳಿಗೆ ಬರುತ್ತದೆ, ನಾನು ಬಾಯಿ ಕಟ್ಟಿದೆ ಎಂದು ಹೇಳಬೇಕಾಗಿತ್ತು. ಏಳಲಿಲ್ಲ. ಉಳಿದ ಹನ್ನೊಂದು ಮಕ್ಕಳೂ ಚೆನ್ನಾಗಿ ಮಾತಾಡಿದರು. ಪ್ರತಿ ಚಪ್ಪಾಳೆಗೂ ನಾನು ಕೈ ಸೇರಿಸಿದೆ. ಅಧಿಕಾರಿಗಳು ಆ ಚಿತ್ರವನ್ನು ಸರಿಯಾಗಿ ನೋಡಲೂ ಇಲ್ಲ. ಅವರು ಇಡೀ ಹೊತ್ತು ನೋಡುತ್ತಿದ್ದದ್ದು ನನ್ನ ಮಗಳನ್ನು.

ಮನೆಗೆ ಬಂದ ಮೇಲೆ ಅವಳೇ ಕೇಳಿದಳು. "ವೋ ದಾದಾ ಥೇ ನಾ? ಫರೀದಾಬಾದ್ ವಾಲೇ?"

"ಹೌದು."

"ಗಲ್ತೀ ಸೇ ಹುವಾ?"

ತಪ್ಪಿ ಆದದ್ದೇ ಎಂದು ಕೇಳುತ್ತಿದ್ದಳು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ರೇಟನ್ನು ಕಣ್ಣು ಮಿಟುಕಿಸದೆ ಹೇಳಿ ಬದುಕಿದವನು ನಾನು. ಆವತ್ತು ನಾಲಿಗೆ ಏಳಲಿಲ್ಲ. ಅವಳಿಗೆ ಅರ್ಥವಾಯಿತು.

"ಅದು ದಾದಾ ಅಂತ ಹೇಳಿದ್ರೆ ಎಲ್ಲಾ ನಿಮಗೆ ನಗ್ತಿದ್ರು," ಎಂದಳು. "ಹೇಳದೇ ಮಾತಾಡಿದ್ರೆ ಅಂಕಲ್‌ಗೆ ಝೂಟ್ ಹೇಳಿದ ಹಾಗೆ. ಮೈ ಕ್ಯಾ ಕರ್ತೀ? ಏನು ಮಾಡ್ಬೇಕಿತ್ತು?"

ಮುಂದಿನ ಭಾನುವಾರ ಅವಳು ತರಗತಿಗೆ ಹೋಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅಧಿಕಾರಿಗಳು ಕೆಳಗೆ ಬಂದು ಬೆಲ್ ಮಾಡಿದಾಗ ತಲೆನೋವು ಎಂದು ಹೇಳಿಸಿದಳು. ಊಟದ ಹೊತ್ತಿನಲ್ಲಿ ಅಂಕಲ್ ಹೇಳಿದ್ರು ಎಂಬ ಮಾತು ನಿಂತುಹೋಯಿತು. ಹಾಗಾದರೆ, ಬರುತ್ತೇನೆ, ಎಲ್ಲವೂ ನಿಂತವು. ಮತ್ತೆ ಬರೀ ಹಾಂ, ನಹೀಂ, ಪತಾ ನಹೀಂ. ನಾನು ಬಯಸಿದ್ದು ಇದನ್ನೇ ಅಲ್ಲವೇ? ಚೌಕಾಸಿಯಲ್ಲಿ ಒಂದು ಅಪಾಯವಿದೆ, ಕೇಳಿ: ಕೆಲವೊಮ್ಮೆ ನೀವು ಕೇಳಿದ ರೇಟಿಗೇ ಎದುರಿನವನು ಕೊಟ್ಟುಬಿಡುತ್ತಾನೆ. ಆಗ ಸರಕು ಕೈಯಲ್ಲಿ ಹಿಡಿದು ನೋಡಬೇಕಾಗುತ್ತದೆ.

ಒಂದು ಬೆಳಗ್ಗೆ ಅವಳು ಶಾಲೆಗೆ ಹೋದ ಮೇಲೆ ಹೆಂಡತಿ ಒಂದು ಕಾಗದ ತಂದು ನನ್ನ ಚಹಾದ ಪಕ್ಕ ಇಟ್ಟಳು. "ರದ್ದಿಗೆ ಹಾಕಿದ್ಲು. ಓದಿ."

ಹಿಂದಿ ಅಕ್ಷರದಲ್ಲಿ ಬರೆದ ಕನ್ನಡ. ಆವತ್ತಿನ ಭಾಷಣ. ಉಚ್ಚಾರ ತಪ್ಪದಿರಲೆಂದು ಕೆಲವು ಕಡೆ ಕೆಂಪು ಪೆನ್ನಿನ ಗುರುತು. ನಾನು ಜೋರಾಗಿ ಓದಿದೆ, ಹಾಗೆ ಓದದೆ ಅದು ಕನ್ನಡ ಎಂದು ತಿಳಿಯುತ್ತಿರಲಿಲ್ಲ. ಜ್ಞಾನಿ ಹುಟ್ಟಿದ್ದು, ಸಂತೆಯಲ್ಲಿ ನಿಂತು ಪ್ರಶ್ನೆ ಕೇಳಿದ್ದು, ವಿಷದ ಬಟ್ಟಲು. ಕಡೆಯಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ, ಬಹುಶಃ ಅಧಿಕಾರಿಗಳಿಗೂ ತೋರಿಸದೆ ಸೇರಿಸಿದ ಸಾಲು: ಇಷ್ಟು ದೂರದ ಜನರನ್ನು ನಮ್ಮ ಗೋಡೆಯ ತನಕ ಕರೆದುಕೊಂಡು ಬಂದವರು ನನ್ನ ಪಪ್ಪಾ.

ಚಹಾ ಆರಿತು. ನಾನು ಚಪ್ಪಲಿ ಮೆಟ್ಟಿಕೊಂಡು ಮೂರನೆಯ ಮಹಡಿಗೆ ಹೋದೆ.

ಬಾಗಿಲು ತೆರೆದವರೇ ಅಧಿಕಾರಿಗಳು ಶುರುಮಾಡಿದರು: "ಬನ್ನಿ ಬನ್ನಿ. ನಾನೇ ಬರೋಣ ಅಂತಿದ್ದೆ. ತಪ್ಪು ನನ್ನದು. ಮೊದಲನೆಯವಳಾಗಿ ಅವಳನ್ನ ನಿಲ್ಲಿಸಬಾರದಿತ್ತು. ಮಗುವಿನ ಮೇಲೆ ಜಾಸ್ತಿ ಹೊರಿಸಿಬಿಟ್ಟೆ."

ಎರಡು ವಾರದಿಂದ ಆ ಮನುಷ್ಯ ತನ್ನನ್ನೇ ಬೈದುಕೊಳ್ಳುತ್ತಿದ್ದರು. ಪುಸ್ತಕಗಳನ್ನು ಸರಿಸಿ ನನಗೆ ಜಾಗ ಮಾಡಿಕೊಟ್ಟರು. ನಾನು ಕೂರದೆ ನಿಂತೇ ಎಲ್ಲವನ್ನೂ ಹೇಳಿದೆ. ಅಟ್ಟ, ಬಡಗಿ, ಕಿವಿ, ಊಟದ ಹೊತ್ತಿಗೆ ಆಡಬೇಕೆಂದಿದ್ದ ಮಾತು.

"ಯಾಕ್ರೀ?" ಎಂದರು ಅವರು. ನಿಜಕ್ಕೂ ಅರ್ಥವಾಗದವರ ದನಿ.

"ಹೊಟ್ಟೆಕಿಚ್ಚು ಸರ್."

"ನನ್ನ ಮೇಲಾ? ನನ್ನ ಹತ್ತಿರ ಏನಿದೆ ಅಂತ?"

"ನನ್ನ ಮಗಳ ಕನ್ನಡ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಮಾಧಾನದ ಮಾತು ಬರುತ್ತದೆ ಎಂದುಕೊಂಡೆ. ಬರಲಿಲ್ಲ. "ನನಗೆ ಮಾಡಿದ್ದು ಬಿಡಿ, ನಗಬಹುದು. ನಾನು ಆ ಚಿತ್ರ ನೋಡೇ ಇಲ್ಲ, ನೋಡಿದ್ರೂ ಗುರುತು ಸಿಗ್ತಿರಲಿಲ್ಲವೇನೋ. ಆದರೆ ಆ ಮಗು ನಿಮ್ಮ ಮಾನ ಉಳಿಸೋಕೆ ಎಲ್ಲರ ಮುಂದೆ ತನ್ನದು ಕಳ್ಕೊಂಡಿದೆ. ಅದನ್ನ ನೀವು ಎಲ್ಲರ ಮುಂದೆಯೇ ವಾಪಸ್ ಕೊಡಬೇಕು. ಈ ಭಾನುವಾರ."

"ಸರ್, ಅವಳೊಬ್ಬಳ ಮುಂದೆ ನಿಮ್ಮ ಹತ್ತಿರ ಕ್ಷಮೆ ಕೇಳ್ತೀನಿ."

"ಆಗೋದಿಲ್ಲ."

"ಮಕ್ಕಳ ಮುಂದೆ ಹೇಳ್ತೀನಿ. ದೊಡ್ಡವರು ಬೇಡ."

"ದೊಡ್ಡವರೂ ಇರ್ತಾರೆ."

ಕೊತ್ತಂಬರಿ ಸೊಪ್ಪು ಕೇಳಲು ಬಾರದ ಮನುಷ್ಯ ಒಂದು ಗೇಣೂ ಕದಲಲಿಲ್ಲ. ನನ್ನ ಜೀವಮಾನದಲ್ಲಿ ನಾನು ಪೂರ್ತಿ ಸೋತ ಚೌಕಾಸಿ ಅದು.

ಭಾನುವಾರ ಹೆಂಡತಿ ಮಗಳನ್ನು ಕೈಹಿಡಿದು ಕರೆತಂದು ಕೊನೆಯ ಸಾಲಿನಲ್ಲಿ ಕೂರಿಸಿದಳು. ನಾನು ಎದ್ದು ನಿಂತು, ಇವರು ಗ್ರೀಸಿನವರಲ್ಲ, ನಮ್ಮ ಶೆಡ್ಡಿನ ಬಡಗಿ ದಾದಾ, ಬೇಕೆಂದೇ ಹಾಕಿದ್ದು, ಮೇಷ್ಟ್ರನ್ನು ನಗೆಪಾಟಲು ಮಾಡಲು ಹಾಕಿದ್ದು, ನನ್ನ ಮಗಳಿಗೆ ಗುರುತು ಸಿಕ್ಕಿತು, ನನ್ನನ್ನು ಉಳಿಸಲು ಸುಮ್ಮನಾದಳು, ಅವಳಿಗೆ ಭಾಷಣ ಮರೆತಿರಲಿಲ್ಲ ಎಂದೆ. ಒಂದೇ ಉಸಿರಿಗೆ ಹೇಳಿದೆ. ನಿಲ್ಲಿಸಿದ್ದರೆ ಮತ್ತೆ ಶುರುವಾಗುತ್ತಿರಲಿಲ್ಲ. ಆಮೇಲೆ ಬಿಜಾಪುರದ ಗುಮಾಸ್ತರು, "ಹಂಗಾದ್ರ ನಮ್ಮ ಆಫೀಸಿನ ಗೋಡಿ ಮ್ಯಾಲ ಇರೋರು ಯಾರ್ರೀ ಸಾಹುಕಾರ್ರ? ಅವರೂ ನಿಮ್ಮ ಶೆಡ್ಡಿನವರೇನು?" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಂಗಳೂರಿನ ಹುಡುಗಿಯಂತೂ ಕಣ್ಣೊರೆಸಿಕೊಂಡಳು. ಅಧಿಕಾರಿಗಳ ಪಾಲಿಗೆ ಇಟ್ಟಿದ್ದ ನಗು ಪೂರ್ತಿಯಾಗಿ ನನಗೇ ಬಂತು. ಮಗಳು ನಗಲಿಲ್ಲ.

ಮಕ್ಕಳು ಬಿಡಲಿಲ್ಲ. ದಾದಾ ಎಷ್ಟು ಹೊತ್ತು ಅಲ್ಲಾಡದೆ ಕೂತಿದ್ದರು, ಹಾಗಾದರೆ ಉಳಿದ ಹನ್ನೊಂದು ಮುಖ ಯಾರವು, ದೇವರ ಚಿತ್ರಕ್ಕೂ ಯಾರನ್ನಾದರೂ ಕೂರಿಸುತ್ತಾರಾ ಎಂದು ಕೇಳುತ್ತಲೇ ಹೋದರು. ಗೊತ್ತಿದ್ದದ್ದನ್ನು ಹೇಳಿದೆ. ಬಳಿಕ ನಾನು ತಂದಿದ್ದ ಅಮೃತಶಿಲೆಯ ತಲೆಯ ಚಿತ್ರವನ್ನು ಮೊಳೆಗೆ ಹಾಕಿ, ಹಳೆಯದನ್ನು ಇಳಿಸಿದೆ.

ಅಧಿಕಾರಿಗಳು ಕೊನೆಯ ಸಾಲಿನ ಕಡೆ ನೋಡಿ, "ಬರ್ತೀಯೇನಮ್ಮಾ?" ಎಂದು ಮಾತ್ರ ಕೇಳಿದರು.

ಅವಳು ಬಂದಳು. ಕಾಗದವಿಲ್ಲದೆ ಮಾತಾಡಿದಳು. ಎಲ್ಲೋ ಒಂದೆರಡು ಕಡೆ ಹಿಂದಿ ನುಸುಳಿತು, ನಿಲ್ಲದೆ ಹೋದಳು. ಸಂತೆ ಬಂತು, ಪ್ರಶ್ನೆಗಳು ಬಂದವು, ವಿಷದ ಬಟ್ಟಲು ಬಂತು. ನಾನು ಮುಂದಿನದಕ್ಕೆ ಕಾದೆ. "ಧನ್ಯವಾದಗಳು" ಎಂದು ಕೈ ಮುಗಿದಳು. ಚಪ್ಪಾಳೆ ಬಹಳ ಹೊತ್ತು ಬಿತ್ತು. ಅವಳ ಕಣ್ಣು ಮೊದಲು ಹೋದದ್ದು ಅಧಿಕಾರಿಗಳ ಕಡೆಗೆ.

ಮನೆಯ ಮೆಟ್ಟಿಲು ಹತ್ತುವಾಗ ಅವಳು ಹಗುರಾಗಿದ್ದಳು. "ನೋಡಿದ್ರಾ ಪಪ್ಪಾ, ಅಂಕಲ್ ನಿಮಗೆ ಬೈಲೇ ಇಲ್ಲ. ಕಿತ್ನೇ ಬಡೇ ಆದ್ಮೀ ಹೈ ನಾ?"

"ಹೌದು, ದೊಡ್ಡ ಮನುಷ್ಯರೇ," ಎಂದೆ. ಆ ಒಂದು ಮಾತಿಗೆ ನಾನು ತೆತ್ತದ್ದು ನನಗೇ ಗೊತ್ತು. ನಮ್ಮ ಬಾಗಿಲ ಮುಂದೆ ನಿಂತು ಕೇಳಿದೆ: "ಕೊನೆಯ ಸಾಲು ಹೇಳಲೇ ಇಲ್ಲವಲ್ಲಾ?"

"ಆಪ್ ನೇ ಪಢಾ?"

"ಓದಿದೆ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ಅದು ಆವತ್ತಿಗೆ ಬರೆದದ್ದು, ಪಪ್ಪಾ," ಎಂದಳು. ಒಂದು ಹಿಂದಿ ಪದವೂ ಇಲ್ಲದೆ, ನನ್ನ ಕಣ್ಣು ನೋಡಿ ಹೇಳಿದ ಮಾತು. ಆಮೇಲೆ, ಅಂಕಲ್ ಹತ್ತಿರ ಎರಡು ವಾರದ ಕಥೆ ಬಾಕಿಯಿದೆ ಎಂದು ಮೆಟ್ಟಿಲು ಹತ್ತಿಕೊಂಡು ಓಡಿದಳು.

ಮೇಲೆ ಬಾಗಿಲು ತೆರೆದ ಸದ್ದಾಯಿತು. "ಬಾಮ್ಮಾ" ಎಂಬ ದನಿ ಕೇಳಿಸಿತು. ಹೊಟ್ಟೆ ಉರಿಯಿತು, ಮೊದಲಿನಷ್ಟೇ. ಊಟದ ಹೊತ್ತಾಗಿತ್ತು, ಕರೆಯಲು ನೆಪವೂ ಇತ್ತು. ನಾನು ಕರೆಯಲಿಲ್ಲ.